ಹವಳದ ತೊಟ್ಟಿ ಕಾಯ್ದ ಚೆಲುವ

ಹೂಂಗುಟ್ಟೋರು ಯಾರಿದೀರಿ, ಮುಂದೆ ಬಂದು ಕೂತ್ಕೊಳ್ಳಿ. ತೂಕಡಿಸೋರು ಗೋಡೆ ಕಡೆ ಹೋಗಿ. ಕತೆ ಹೇಳೋವಾಗ ಹೂಂ ಅನ್ನದೆ ಇದ್ರೆ ನನಗೆ ಸಿಟ್ಟು ಬರುತ್ತೆ. ನನಗೆ ಸಿಟ್ಟು ಬಂದ್ರೆ ಕತೆ ಅರ್ಧಕ್ಕೇ ಎದ್ದು ಹೋಗುತ್ತೆ. ಆಮೇಲೆ ನನ್ನ ಬೈಬೇಡಿ.

ಮೈಸೂರಲ್ಲಿ ಒಂದು ಗಲ್ಲಿ. ಆ ಗಲ್ಲಿಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬಳು. ಅವಳಿಗೆ ಗಂಡ ಇಲ್ಲ, ಇರೋನು ಒಬ್ಬನೇ ಮಗ. ಹೆಸರು ಚೆಲುವ. ಆಳು ನೋಡಿದ್ರೆ ಬಾಗಿಲು ತುಂಬ, ತೋಳು ನೋಡಿದ್ರೆ ಒನಕೆ. ಬುದ್ಧಿ? ಬುದ್ಧಿ ಹಂಚೋ ದಿನ ಅವನೂ ಸಾಲಲ್ಲಿ ನಿಂತಿದ್ನಂತೆ. "ಸ್ವಲ್ಪ ಪಕ್ಕಕ್ಕೆ ಸರಿಯಪ್ಪ" ಅಂತ ಯಾರೋ ಅಂದ್ರಂತೆ. ಸರಿದ. ಇನ್ನೂ ಸರಿದೇ ನಿಂತಿದಾನೆ!

ಕೆಟ್ಟವನಲ್ಲ ಕಣ್ರೀ. ಸೋಮಾರಿಯೂ ಅಲ್ಲ. ಹೇಳಿದ್ದನ್ನ ಮಾಡ್ತಾನೆ. ಹೇಳಿದ್ದನ್ನೇ ಮಾಡ್ತಾನೆ. ಅದೇ ಅವನ ರೋಗ. ಒಂದು ಸಲ ಪುಟ್ಟತಾಯಮ್ಮ ಒಲೆ ಮೇಲೆ ಹಾಲಿಟ್ಟು, "ಉಕ್ಕಿದ್ರೆ ಕೂಗೋ ಚೆಲುವ" ಅಂತ ಹೇಳಿ ಹಿತ್ತಲಿಗೆ ಹೋದಳು. ಹಾಲು ಉಕ್ಕಿತು. ಇವನು ಕತ್ತು ಚಾಚಿ "ಕೊಕ್ಕೊಕ್ಕೋಕೋ!" ಅಂತ ಕೂಗಿದ. ಅವಳು ಹಿತ್ತಲಲ್ಲಿ ಪಕ್ಕದ ಮನೆ ಹುಂಜ ಅನ್ಕೊಂಡು ಬಟ್ಟೆ ಒಗೀತಾನೇ ಇದ್ದಳು. ಹಾಲೆಲ್ಲ ಒಲೆಗೆ ನೈವೇದ್ಯ.

"ಅಯ್ಯೋ ಮುಂಡೇದೇ! ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಯಾರೋ ನೋಡ್ಕೋತಾರೆ?" ಅಂತ ಅತ್ತಳು ಪುಟ್ಟತಾಯಮ್ಮ.

"ಅದಕ್ಕೇನಮ್ಮ? ಮುಚ್ಚಬೇಡ, ತೆಗ್ದೇ ಇಟ್ಕೋ!" ಅಂದ ಚೆಲುವ. ಎಷ್ಟು ಧೈರ್ಯದ ಮಾತು ನೋಡಿ.

ಅವಳಿಗಿದ್ದದ್ದು ಒಂದೇ ಚಿಂತೆ. ಇವನಿಗೊಂದು ಮದುವೆ ಆಗಬೇಕು. ತಾನು ಹೋದ ಮೇಲೆ ಇವನ ಎಲೆಗೆ ಅನ್ನ ಹಾಕೋಕೆ, "ಹಾಗಲ್ಲ ಕಣ್ರೀ, ಹೀಗೆ" ಅನ್ನೋಕೆ ಒಂದು ಜೀವ ಬೇಕು. ಎಲ್ಲೆಲ್ಲೋ ಕೇಳಿ, ಯಾರ್‍ಯಾರ ಕಾಲೋ ಹಿಡಿದು, ಕೊನೆಗೆ ನಂಜನಗೂಡು ಕಡೆಯ ಜವರಯ್ಯ ಅನ್ನೋರು ತಮ್ಮ ಅಕ್ಕನ ಮಗಳನ್ನ ಕೊಡೋಕೆ ಅರ್ಧ ಮನಸ್ಸು ಮಾಡಿದ್ರು. ಅರ್ಧ ಮಾತ್ರ!

"ನಿಮ್ಮ ಹುಡುಗ ಒಂದು ಕಡೆ ಕೆಲಸದಲ್ಲಿ ನಿಂತ್ಕೊಳ್ಳಲಿ ತಾಯಿ. ದೀಪಾವಳಿ ಕಳೀಲಿ, ನಾನೇ ಬಂದು ನೋಡ್ತೀನಿ. ಕೆಲಸ ಇದ್ರೆ ಹೆಣ್ಣು. ಕೆಲಸ ಇಲ್ವಾ, ನಮಸ್ಕಾರ" ಅಂದ್ರು ಜವರಯ್ಯ.

ಪುಟ್ಟತಾಯಮ್ಮ ಓಡಿದ್ದು ಹಲ್ಲು ಡಾಕ್ಟರಮ್ಮನ ಹತ್ರ. ವಿಶಾಲಾಕ್ಷಿ ಅಂತ ಹೆಸರು, ಬಾಯಿ ಜೋರು, ಮನಸ್ಸು ಬೆಣ್ಣೆ. ಅವರ ಕ್ಲಿನಿಕ್ಕಲ್ಲಿ ಕಸ ಗುಡಿಸೋದು ಪುಟ್ಟತಾಯಮ್ಮನೇ. ಅಲ್ಲಿ, ಹಲ್ಲು ನೋವಿನೋರು ಕಾಯ್ತಾ ಕೂರೋ ಕೋಣೇಲಿ, ಡಾಕ್ಟರಮ್ಮ ಒಂದು ದೊಡ್ಡ ಗಾಜಿನ ತೊಟ್ಟಿ ಇಟ್ಟಿದ್ರು. ಅದರೊಳಗೆ ಉಪ್ಪುನೀರು, ಕಿತ್ತಳೆ ಬಣ್ಣದ ಮೀನು, ಜೀವ ಇರೋ ಹವಳ. ಹೂಂ, ಉಂಗುರದಲ್ಲಿರೋ ಹವಳ ಅಲ್ಲ, ಉಸಿರಾಡೋ ಹವಳ! ಹೂವಿನ ಹಾಗೆ ಬಿಚ್ಕೊಳ್ಳುತ್ತೆ, ಮುದುಡ್ಕೊಳ್ಳುತ್ತೆ. ಒಳಗೆ ಹಲ್ಲು ಕೊರೆಯೋ ಮಿಷನ್ನು ಕಿರ್ರ್ ಅಂದ್ರೂ ಹೊರಗೆ ಮಕ್ಕಳು ಆ ತೊಟ್ಟಿ ನೋಡ್ತಾ ಅಳೋದು ಮರೀತಿದ್ವು. ಡಾಕ್ಟರಮ್ಮನಿಗೆ ಅದರ ಮೇಲೆ ಪ್ರಾಣ. ಆದ್ರೆ ಅದಕ್ಕೆ ಪಾಚಿ ಹತ್ತಿತ್ತು. ಗಾಜೆಲ್ಲ ಹಸಿರು, ಹವಳದ ಮೇಲೆ ಕೂದಲು ಬೆಳೆದ ಹಾಗೆ ಪಾಚಿ. ಹಾಗೇ ಬಿಟ್ರೆ ಹವಳ ಉಸಿರು ಕಟ್ಟಿ ಸಾಯುತ್ತೆ. ನೋಡ್ಕೊಳ್ಳೋಕೆ ಒಬ್ಬ ಆಳು ಬೇಕಾಗಿತ್ತು.

"ನನ್ನ ಮಗ ಇದಾನೆ ಅಮ್ಮಾವ್ರೇ!" ಅಂದಳು ಪುಟ್ಟತಾಯಮ್ಮ.

"ಕಳಿಸು" ಅಂದ್ರು ಡಾಕ್ಟರಮ್ಮ. ಪಾಪ, ಅವರಿಗೇನು ಗೊತ್ತು!

ಹೊರಡೋವಾಗ ತಾಯಿ ಮಗನ ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟು ಹೇಳಿದಳು. "ಚೆಲುವ, ಈ ಕೆಲಸದಲ್ಲಾದ್ರೂ ನಿಂತ್ಕೊಳ್ಳಪ್ಪ."

"ಅಷ್ಟೇ ತಾನೆ? ಬಿಡು, ಆಯ್ತು!" ಅಂದ ಚೆಲುವ.

ಹೋದ. ನಿಂತ. ತೊಟ್ಟಿ ಮುಂದೆ ನಿಂತ. ಕೂತ್ಕೋ ಅಂದ್ರೆ ಕೂರಲಿಲ್ಲ. ನಿಂತೇ ತಿಂಡಿ ತಿಂದ, ನಿಂತೇ ನೀರು ಕುಡಿದ. ಬಾಗಿಲಷ್ಟು ಅಗಲದ ಆಳು ತೊಟ್ಟಿಗೆ ಅಡ್ಡ ನಿಂತ್ರೆ ಮಕ್ಕಳಿಗೆ ಮೀನೆಲ್ಲಿ ಕಾಣುತ್ತೆ? ಒಂದು ಮಗು ಅತ್ತಿತು. ಅದನ್ನ ಕೇಳಿ ಇನ್ನೊಂದು ಅತ್ತಿತು. ಕ್ಲಿನಿಕ್ಕು ಅಂಗನವಾಡಿ ಆಯ್ತು.

ಡಾಕ್ಟರಮ್ಮ ಕೈಲಿ ಇಕ್ಕಳ ಹಿಡ್ಕೊಂಡೇ ಹೊರಗೆ ಬಂದ್ರು. "ಏನೋ ಇದು! ಕಂಬದ ಹಾಗೆ ಯಾಕೋ ನಿಂತಿದೀಯ?"

"ಅಮ್ಮ ಕೆಲಸದಲ್ಲಿ ನಿಂತ್ಕೋ ಅಂದಳು ಅಮ್ಮಾವ್ರೇ. ನಿಂತಿದೀನಿ!"

"ನಿಲ್ಲೋದಲ್ಲ ಕಣೋ ಕೆಲಸ! ಈ ತೊಟ್ಟಿಗೆ ಪಾಚಿ ಬರದ ಹಾಗೆ ನೋಡ್ಕೋಬೇಕು. ಪಾಚಿ ಬಂತೋ, ನನ್ನ ಹವಳ ಸತ್ತ ಹಾಗೇ. ತಿಳೀತಾ?"

"ಅಷ್ಟೇ ತಾನೆ? ಬಿಡಿ, ಆಯ್ತು!"

ಈಗ ನೀವೇ ಹೇಳಿ. ಚೆಲುವನಿಗೆ ಗೊತ್ತಿದ್ದ ಪಾಚಿ ಯಾವುದು? ಮಗು ಮಲಗಿಸೋವಾಗ ನಮ್ಮ ಕಡೆ ತಾಯಂದಿರು ಏನಂತಾರೆ? "ಪಾಚ್ಕೋ ಕಂದ, ಪಾಚಿ ಮಾಡು ಬಂಗಾರ." ಪುಟ್ಟತಾಯಮ್ಮ ಇಷ್ಟೆತ್ತರದ ಮಗನಿಗೆ ಇವತ್ತಿಗೂ ಹಾಗೇ ಹೇಳ್ತಾಳೆ. ಪಾಚಿ ಅಂದ್ರೆ ನಿದ್ದೆ! ನಿದ್ದೆ ಬಂದ್ರೆ ಹವಳ ಸಾಯುತ್ತೆ. ಎಂಥ ಕಷ್ಟದ ಕೆಲಸ ಅಂತ ಚೆಲುವ ಸೆರಗಿಲ್ಲದಿದ್ರೂ ಟವಲು ಸೊಂಟಕ್ಕೆ ಬಿಗಿದ.

ತೊಟ್ಟಿ ಮೇಲಿನ ದೀಪ ಆರಿಸಲೇ ಇಲ್ಲ. ಡಾಕ್ಟರಮ್ಮ ಮನೆಗೆ ಹೋದ ಮೇಲೂ ಉರೀತಾ ಇತ್ತು. ಮೀನು ಮೂಲೇಲಿ ಸುಮ್ಮನಾದ್ರೆ ತಟ್ಟೆ ಬಡೀತಿದ್ದ. "ಏಯ್! ಪಾಚಿ ಬರಬಾರದು! ಏಳು, ಏಳು!" ಹವಳ ಮುದುಡ್ಕೊಂಡ್ರೆ ಪದ ಹೇಳ್ತಿದ್ದ. ಹಲ್ಲು ಕೀಳಿಸೋಕೆ ಬಂದ ಒಬ್ಬ ಮುದುಕರು ಕುರ್ಚೀಲಿ ಕಣ್ಣು ಕೂರ್‍ತಾ ಕೂತಿದ್ರು. ಇವನು ಹೋಗಿ ಭುಜ ಹಿಡಿದು ಅಲ್ಲಾಡಿಸಿದ. "ತಾತ, ಪಾಚಿ ಬಂತಾ? ಇಲ್ಲಿ ಪಾಚಿ ಬಂದ್ರೆ ಸಾವು!" ತಾತ ಹಲ್ಲು ನೋವು ಮರೆತು ಬೀದಿಗೆ ಓಡಿದ್ರು.

ಈ ಕಡೆ ತೊಟ್ಟೀಲಿ ಏನಾಯ್ತು? ಹೊತ್ತಿಲ್ಲ ಗೊತ್ತಿಲ್ಲ, ಸದಾ ಬೆಳಕು. ಬೆಳಕು ಸಿಕ್ಕಿದ ಪಾಚಿ ಬಿಡುತ್ತಾ? ಸೊಪ್ಪಿನ ಮಡಿ ಹಾಗೆ ಬೆಳೀತು!

"ಏನೋ ಮಾಡಿದೆ ಚೆಲುವ!" ಅಂತ ಡಾಕ್ಟರಮ್ಮ ಕಿರುಚಿದ್ರು.

"ನೀವು ಹೇಳಿದ ಹಾಗೇ ಮಾಡಿದೆ ಅಮ್ಮಾವ್ರೇ! ಒಂದು ಮೀನಿಗೂ ಪಾಚಿ ಬರೋಕೆ ಬಿಡಲಿಲ್ಲ. ನನಗೇ ಬರ್ತಾ ಇತ್ತು, ಬಿಡಲಿಲ್ಲ!"

ಡಾಕ್ಟರಮ್ಮ ಹಣೆ ಚಚ್ಕೊಂಡ್ರು. "ಪಾಚಿ ಅಂದ್ರೆ ನಿದ್ದೆ ಅಲ್ಲ ಕಣೋ! ಇಗೋ, ಈ ಹಸಿರು, ಇದು ಪಾಚಿ! ಬೆಳಕು ಹೆಚ್ಚಾದ್ರೂ ಬರುತ್ತೆ, ಊಟ ಹೆಚ್ಚಾದ್ರೂ ಬರುತ್ತೆ. ಮೀನು ತಿಂದು ಬಿಟ್ಟದ್ದು ಕೊಳೆತ್ರೆ ನೀರಿಗೆ ಫಾಸ್ಫೇಟು ಸೇರುತ್ತೆ. ಆ ಫಾಸ್ಫೇಟೇ ಪಾಚಿಗೆ ಗೊಬ್ಬರ. ಅದಕ್ಕೆ, ಸಂಜೆ ದೀಪ ಆರಿಸು. ಊಟ ಸುರೀಬೇಡ. ದಿನಕ್ಕೊಂದು ಚಿಟಿಕೆ ಹಾಕು, ಸಾಕು."

"ಅಷ್ಟೇ ತಾನೆ? ಬಿಡಿ, ಆಯ್ತು!"

ದಿನಾ ಬೆಳಿಗ್ಗೆ ಚೆಲುವ ಕೈ ತೊಳೆದು, ತೊಟ್ಟಿ ಮುಂದೆ ನಿಂತು, ಹೆಬ್ಬೆರಳಿಗೂ ನಡು ಬೆರಳಿಗೂ ಉಜ್ಜಿ ಟಪ್ ಅಂತ ಒಂದು ಚಿಟಿಕೆ ಹಾಕ್ತಿದ್ದ. ಒಂದೇ! ಎರಡು ಹಾಕಿದ್ರೆ ಪಾಚಿ ಬರುತ್ತಲ್ಲ! ಹಲ್ಲು ನೋವಿನ ಮಕ್ಕಳು "ನಾವೂ ಹಾಕ್ತೀವಿ ಅಣ್ಣ" ಅಂದ್ರೆ ಗದರ್‍ತಿದ್ದ. "ಹುಷಾರ್! ಹೆಚ್ಚಾದ್ರೆ ಕೊಳೆಯುತ್ತೆ!"

ಮೀನು ಏನು ತಿಂತವೆ, ಚಿಟಿಕೆ ಸದ್ದನ್ನಾ? ಸೊರಗಿದ್ವು. ಗಾಜಿಗೆ ಮೂತಿ ಒತ್ತಿ ಬಾಯಿ ಬಿಟ್ವು, ಮುಚ್ಚಿದ್ವು, ಬಿಟ್ವು, ಮುಚ್ಚಿದ್ವು.

ಡಾಕ್ಟರಮ್ಮ ನೋಡಿದ್ರು. "ಯಾಕೋ ಮೀನು ಹೀಗೆ ಬಾಯಿ ಬಿಡ್ತಾ ಇದಾವೆ?"

"ನನ್ನ ಚಿಟಿಕೆಗೆ ಹಾಡ್ತಾ ಇದಾವೆ ಅಮ್ಮಾವ್ರೇ! ನೋಡಿ" ಅಂತ ಟಪ್ ಅನಿಸಿದ.

ಮೀನಿನ ಊಟದ ಡಬ್ಬಿ ಮುಚ್ಚಳ ತೆಗೆದೇ ಇರಲಿಲ್ಲ. ಹಲ್ಲಿನ ಡಾಕ್ಟರಿಗೇ ಬಾಯಿ ಕಟ್ಟಿತು ಅಂದ್ರೆ ನೋಡಿ! ಪುಟ್ಟತಾಯಮ್ಮನ್ನ ಕರೆದು, "ನಿನ್ನ ಮಗನ್ನ ಮನೇಲಿಟ್ಕೋ" ಅಂದ್ರು.

"ಅಮ್ಮಾವ್ರೇ, ದೀಪಾವಳಿವರೆಗೂ ಅಮ್ಮಾವ್ರೇ! ಅವನಿಗೊಂದು ಹೆಣ್ಣು ಗೊತ್ತಾಗ್ತಾ ಇದೆ!" ಅಂತ ಅವಳು ಕೈ ಮುಗಿದಳು. ಡಾಕ್ಟರಮ್ಮ ಉಸಿರು ಬಿಟ್ಟು "ಆಗಲಿ, ಮೀನಿನ ಊಟ ಇನ್ನು ನಾನೇ ಹಾಕ್ತೀನಿ" ಅಂದ್ರು.

ಮನೇಲಿ ತಾಯಿ ಬೈದಳು. "ಅಯ್ಯೋ ನನ್ನ ಕರ್ಮವೇ! ಹೊಸ ಕೆಲಸ ತಿಳೀದೆ ಇದ್ರೆ ನಮ್ಮನೇಲಿ ಹೇಗೆ ಮಾಡ್ತೀವೋ ಹಾಗೆ ಮಾಡೋ! ಅಲ್ಲಿ ಹೋಗಿ ಹೊಸ ಹೊಸ ವಿದ್ಯೆ ತೋರಿಸಬೇಡ!"

"ಅಷ್ಟೇ ತಾನೆ? ಬಿಡು, ಆಯ್ತು!"

ಆ ಹೊತ್ತಿಗೆ ಡಾಕ್ಟರಮ್ಮ ಪಾಚಿಗೆ ಮದ್ದು ತರಿಸಿದ್ರು. ಒಂದು ಉದ್ದ ಕೊಳವೆ, ಕೆಳಗೊಂದು ಪುಟ್ಟ ಮೋಟ್ರು. ಅದಕ್ಕೆ ಫಾಸ್ಫೇಟ್ ರಿಯಾಕ್ಟರ್ ಅಂತ ಹೆಸರು. ತೊಟ್ಟಿ ನೀರು ಕೊಳವೆಯೊಳಗೆ ಹತ್ತಿ, ಮತ್ತೆ ತೊಟ್ಟಿಗೆ ಇಳಿಯುತ್ತೆ. ನಡುವೆ ಕೊಳವೇಲಿ ಕೆಂಪು ಕಾಳು ತುಂಬಿರ್‍ತಾರೆ. ಏನು ಕಾಳು? ಕಬ್ಬಿಣದ ತುಕ್ಕಿನ ಕಾಳು! ಕಾಸಿಗೆ ಬೇಡದ ತುಕ್ಕು ಅಂತ ನಾವು ಎಸೀತೀವಿ, ಅದು ಆ ನೀರಲ್ಲಿರೋ ಫಾಸ್ಫೇಟನ್ನ ಹಿಡ್ಕೊಂಡು ಬಿಡೋದೇ ಇಲ್ಲ. ಗೊಬ್ಬರ ಇಲ್ಲ ಅಂದ್ರೆ ಪಾಚಿ ಎಲ್ಲಿಂದ ಬರಬೇಕು?

"ಚೆಲುವ, ಇಲ್ಲಿ ಕೇಳು" ಅಂದ್ರು ಡಾಕ್ಟರಮ್ಮ. "ಇದು ತುಕ್ಕಿನ ಕಾಳು. ಮೊದಲು ತೊಳೀಬೇಕು. ಕೆಂಪು ನೀರು ಹೋಗಿ ತಿಳಿ ನೀರು ಬರೋವರೆಗೂ ತೊಳಿ."

"ಅಷ್ಟೇ ತಾನೆ? ಬಿಡಿ, ಆಯ್ತು!"

ಮನೇಲಿ ತುಕ್ಕು ಹೇಗೆ ತೊಳೀತಾರೆ? ಬಾಣಲೆಗೆ ತುಕ್ಕು ಹಿಡಿದ್ರೆ ಪುಟ್ಟತಾಯಮ್ಮ ಹುಣಸೆಹಣ್ಣು ಹಾಕಿ, ತೆಂಗಿನ ನಾರಲ್ಲಿ ಗಸಗಸ ಉಜ್ಜುತಾಳೆ. ಚೆಲುವನೂ ಹುಣಸೆಹಣ್ಣು ತಂದ, ನಾರು ತಂದ, ಕಲ್ಲಿನ ಮೇಲೆ ಕಾಳು ಹರಡಿ ಉಜ್ಜಿದ. ಒನಕೆ ಕೈ! ಉಜ್ಜಿದ, ತೊಳೆದ. ಉಜ್ಜಿದ, ತೊಳೆದ. ಕೆಂಪು ನೀರು ಬಂತು, ಬಂತು, ಬಂತು, ಆಮೇಲೆ ತಿಳಿ ನೀರು ಬಂತು.

"ಕಾಳೆಲ್ಲೋ?" ಅಂದ್ರು ಡಾಕ್ಟರಮ್ಮ.

"ತುಕ್ಕು ಪೂರ್ತಿ ಬಿಡಿಸಿದೆ ಅಮ್ಮಾವ್ರೇ! ಒಂದು ಚೂರೂ ಉಳಿದಿಲ್ಲ. ಬೇಕಾದ್ರೆ ಮೋರೀಲಿ ನೋಡಿ!"

ಡಾಕ್ಟರಮ್ಮ ಆ ದಿನ ಎಷ್ಟು ಜನರ ಹಲ್ಲು ಕಿತ್ರೋ, ಎಲ್ಲಾ ಸಿಟ್ಟಲ್ಲೇ ಕಿತ್ರು. ಮತ್ತೆ ಕಾಳು ತರಿಸಿದ್ರು. ತಾವೇ ತೊಳೆದ್ರು, ತಾವೇ ತುಂಬಿದ್ರು, ತಾವೇ ಮೋಟ್ರು ಹಾಕಿದ್ರು. ಆಮೇಲೆ ಬೆರಳೆತ್ತಿ ಹೇಳಿದ್ರು. "ನೀನು ಏನೂ ಮಾಡಬೇಡ! ಏನೂ ಮುಟ್ಟಬೇಡ! ಇದರ ಮೇಲೆ ಒಂದು ಕಣ್ಣಿಟ್ಟಿರು. ಮೋಟ್ರು ಕೈ ಕೊಟ್ರೆ ತಕ್ಷಣ ನನ್ನ ಕರಿ. ಅಷ್ಟೇ ನಿನ್ನ ಕೆಲಸ!"

"ಅಷ್ಟೇ ತಾನೆ? ಬಿಡಿ, ಆಯ್ತು!"

ಒಂದು ಕಣ್ಣು ಮುಚ್ಚಿದ. ಇನ್ನೊಂದು ಕಣ್ಣನ್ನ ತಗೊಂಡು ಹೋಗಿ ಕೊಳವೆಗೆ ಇಟ್ಟ. ಇಟ್ಟ ಅಂದ್ರೆ ಅಂಟಿಸಿದ! ಒಳಗೆ ಕಾಳು ಮೆಲ್ಲಗೆ ಏಳ್ತಿದ್ವು, ಬೀಳ್ತಿದ್ವು. ಸ್ವಲ್ಪ ಹೊತ್ತಿಗೆ ಮೋಟ್ರು ಗರ್ರ್ ಅಂತು, ಗುರ್ರ್ ಅಂತು, ಸುಮ್ಮನಾಯ್ತು. ಕಾಳೆಲ್ಲ ಕೆಳಗೆ ಕೂತ್ವು. ಚೆಲುವ ನೋಡಿದ. ಒಂದು ಕಣ್ಣು ಕೊಳವೆ ಮೇಲೇ ಇಟ್ಕೊಂಡು, ಬಲಗೈ ಮೋಟ್ರಿನ ಕಡೆ ಚಾಚಿ ಕಾದ. ಕಾದ. ಕಾದ.

ಮಧ್ಯಾಹ್ನ ಡಾಕ್ಟರಮ್ಮ ಊಟಕ್ಕೆ ಎದ್ದು ಬಂದ್ರೆ ಇವನು ಹೀಗೆ ನಿಂತಿದಾನೆ! ಕೊಳವೆಯೊಳಗೆ ತುಕ್ಕು ಗಟ್ಟಿ ಉಂಡೆ ಕಟ್ಟಿದೆ.

"ಮೋಟ್ರು ನಿಂತು ಹೋಗಿದೆಯಲ್ಲೋ ಪಾಪಿ! ಯಾಕೋ ಕರೀಲಿಲ್ಲ?"

"ನಿಂತಿದೆ ಅಮ್ಮಾವ್ರೇ. ಆದ್ರೆ ಇನ್ನೂ ಕೈ ಕೊಟ್ಟಿಲ್ಲ. ನಾನೂ ಆಗಿಂದ ಕೈ ಚಾಚ್ಕೊಂಡೇ ಇದೀನಿ!"

"ಹೋಗು! ನಾಳೆಯಿಂದ ಬರಬೇಡ!"

ಪುಟ್ಟತಾಯಮ್ಮ ಪೊರಕೆ ಕೆಳಗಿಟ್ಟಳು. ಈ ಸಲ ಕೈ ಮುಗೀಲಿಲ್ಲ, ಕಾಲೂ ಹಿಡೀಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತಳು. "ನನಗೂ ಸಾಕಾಗಿದೆ ಅಮ್ಮಾವ್ರೇ. ಆದ್ರೆ ಅವನು ಒಂದು ದಿನ ಸುಳ್ಳು ಹೇಳಿದೋನಲ್ಲ. ಒಂದು ದಿನ 'ಆಗಲ್ಲ' ಅಂದೋನಲ್ಲ. ನಾನು ಸತ್ರೆ ಯಾರಾದ್ರೂ 'ಹೋಗಿ ಬಾವಿಗೆ ಬೀಳು' ಅಂತ ಬೈತಾರೆ, ಇವನು ಹೋಗಿ ಬೀಳ್ತಾನೆ. ಅದಕ್ಕೇ ನನಗೆ ಹೆದರಿಕೆ."

ಡಾಕ್ಟರಮ್ಮನ ಕಣ್ಣಲ್ಲೂ ನೀರು ಬಂತು. ತಡೀರಿ, ನಾನೂ ಕಣ್ಣೊರೆಸ್ಕೋತೀನಿ. ಹೂಂ.

ಡಾಕ್ಟರಮ್ಮ ಪುಟ್ಟತಾಯಮ್ಮನ್ನ ಎಬ್ಬಿಸಿದ್ರು. ಆಮೇಲೆ ಚೆಲುವನ್ನ ಕೂರಿಸಿ, ಚಿಕ್ಕ ಮಗುವಿಗೆ ಹೇಳೋ ಹಾಗೆ ಒಂದೊಂದೇ ಮಾತು ಹೇಳಿದ್ರು. "ಚೆಲುವ, ಈ ಲೋಟದಲ್ಲಿ ಅರ್ಧ ಕಾಳು ತಗೋ. ಬಕೆಟ್ಟಿಗೆ ಹಾಕು. ಶುದ್ಧ ನೀರು ಹಾಕು. ಕೈಲಿ ಮೆಲ್ಲಗೆ ತಿರುಗಿಸು, ಉಜ್ಜಬೇಡ. ಕೆಂಪು ನೀರು ಚೆಲ್ಲು, ಕಾಳು ಚೆಲ್ಲಬೇಡ. ಕೊಳವೆಗೆ ತುಂಬು. ನೀರು ಬಿಡೋ ಈ ತಿರುಪನ್ನ ಇಲ್ಲೀವರೆಗೆ ತಿರುಗಿಸು. ಕಾಳು ಅಲ್ಲಾಡಬೇಕು, ಹಾರಬಾರದು. ಮೋಟ್ರಿನ ಸದ್ದು ನಿಂತ್ರೆ 'ಅಮ್ಮಾವ್ರೇ' ಅಂತ ಕೂಗು. ಹುಂಜದ ಹಾಗಲ್ಲ, ನಿನ್ನ ಬಾಯಿಂದ 'ಅಮ್ಮಾವ್ರೇ' ಅನ್ನು."

ಹುಂಜದ ಸಂಗತಿ ಪುಟ್ಟತಾಯಮ್ಮ ಮೊದಲೇ ಹೇಳಿದ್ದಳು, ಬಿಡಿ.

"ಅಷ್ಟೇ ತಾನೆ? ಬಿಡಿ, ಆಯ್ತು!"

ಆಯ್ತು ಕಣ್ರೀ! ನಿಜವಾಗ್ಲೂ ಆಯ್ತು! ನಾನೋ ನೀವೋ ಆಗಿದ್ರೆ ಏನ್ಮಾಡ್ತಿದ್ವಿ? ಬುದ್ಧಿವಂತರಲ್ವಾ ನಾವು! "ಅರ್ಧ ಯಾಕೆ, ಇರಲಿ ಇನ್ನೊಂದು ಹಿಡಿ" ಅಂತ ಹಾಕ್ತಿದ್ವಿ. "ಬೇಗ ಆಗಲಿ" ಅಂತ ತಿರುಪು ಪೂರ್ತಿ ಬಿಡ್ತಿದ್ವಿ. ಒಂದೇ ಸಲ ಫಾಸ್ಫೇಟನ್ನೆಲ್ಲ ಎಳೆದುಬಿಟ್ರೆ ಹವಳಕ್ಕೂ ಕೇಡು, ಬಿಳಿಚ್ಕೊಂಡು ಸಾಯುತ್ತೆ. ಚೆಲುವನ ತಲೇಲಿ 'ಇರಲಿ' ಅನ್ನೋ ಮಾತೇ ಇಲ್ಲ! ಅರ್ಧ ಅಂದ್ರೆ ಅರ್ಧ. ಇಲ್ಲೀವರೆಗೆ ಅಂದ್ರೆ ಇಲ್ಲೀವರೆಗೆ. ದಿನ ಕಳೀತಾ ಗಾಜಿನ ಹಸಿರು ಹೋಯ್ತು, ಹವಳದ ಮೇಲಿನ ಕೂದಲು ಉದುರ್‍ತು, ಮೀನು ದುಂಡಗಾದ್ವು. ಮಕ್ಕಳು ಹಲ್ಲು ಚೆನ್ನಾಗಿದ್ರೂ ಬರೋಕೆ ಶುರು ಮಾಡಿದ್ವು.

ಡಾಕ್ಟರಮ್ಮ ಹಿಗ್ಗಿದ್ರು. ಹಿಗ್ಗಿದಾಗ ಮನುಷ್ಯರಿಗೆ ನಾಲಿಗೆ ಸಡಿಲ ಆಗುತ್ತೆ. ಒಂದು ದಿನ ಅವರ ಬಾಯಿಂದ ಜಾರಿತು. "ಚೆಲುವ, ಈ ಕಾಳಿಗೆ ಹೊಟ್ಟೆ ತುಂಬಿದೆ ಕಣೋ. ಹೊಟ್ಟೆ ತುಂಬಿದ್ದು ಇನ್ನು ಕೆಲಸಕ್ಕೆ ಬರಲ್ಲ. ಎತ್ತಿ ಆಚೆ ಹಾಕು. ಖಾಲಿ ಹೊಟ್ಟೆಯದನ್ನ ತಂದು ಕೂರಿಸು."

ಚೆಲುವ ಹಳೇ ಕಾಳು ಎತ್ತಿ ಆಚೆ ಹಾಕಿದ, ಹೊಸ ಕಾಳು ತಂದು ಕೂರಿಸಿದ.

"ಭೇಷ್! ಯಾವಾಗಲೂ ಹೀಗೇ ಮಾಡು. ಹೊಟ್ಟೆ ತುಂಬಿದ್ದನ್ನ ಒಂದು ಗಳಿಗೆಯೂ ಒಳಗಿಟ್ಕೋಬೇಡ!" ಅಂತ ಬೆನ್ನು ತಟ್ಟಿದ್ರು. ಹುಟ್ಟಿದಾಗಿಂದ ಯಾರೂ ತಟ್ಟದ ಬೆನ್ನು ಅದು. ಚೆಲುವ ಆ ಮಾತನ್ನ ಎದೇಲಿ ಇಟ್ಕೊಂಡ.

ದೀಪಾವಳಿ ಕಳೀತು. ಜವರಯ್ಯ ಬಂದೇ ಬಂದ್ರು. ಗಿರಿಜಾ ಮೀಸೆ, ಗರಿಗರಿ ಪಂಚೆ, ಮುಂದೆ ಹೊಟ್ಟೆ, ಹಿಂದೆ ಅವರು. ಕ್ಲಿನಿಕ್ಕಿಗೆ ಹೋಗಿ ತೊಟ್ಟಿ ನೋಡಿ, "ಅಬ್ಬಾ! ಇದೆಲ್ಲಾ ಇವನೇ ನೋಡ್ಕೋತಾನಾ?" ಅಂದ್ರು.

"ಇವನ ಹಾಗೆ ಇನ್ನೊಬ್ಬ ನನಗೆ ಸಿಕ್ಕಲ್ಲ" ಅಂದ್ರು ಡಾಕ್ಟರಮ್ಮ. ಅದೂ ನಿಜವೇ.

"ಸರಿ ತಾಯಿ, ಊಟ ಆಗಲಿ. ಊಟ ಆದ ಮೇಲೆ ತಾಂಬೂಲ ಬದಲಾಯಿಸ್ಕೊಳ್ಳೋಣ!" ಅಂದ್ರು ಜವರಯ್ಯ.

ಪುಟ್ಟತಾಯಮ್ಮನಿಗೆ ನೆಲ ಕಾಣಲಿಲ್ಲ. ಒಬ್ಬಟ್ಟು ಮಾಡಿದ್ದಳು, ಒಬ್ಬಟ್ಟಿನ ಸಾರು ಮಾಡಿದ್ದಳು, ಕೋಸಂಬರಿ, ಪಲ್ಯ, ಚಿತ್ರಾನ್ನ. ಜವರಯ್ಯನ್ನ ಮನೆಗೆ ಕರ್ಕೊಂಡು ಬಂದು, ಬಾಗಿಲಲ್ಲೇ ಮಗನ ಕಿವಿಯಲ್ಲಿ ಹೇಳಿದಳು. "ಬಾಯಿ ಬಿಡಬೇಡ ಚೆಲುವ. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಅಚ್ಚುಕಟ್ಟಾಗಿ ನಡ್ಕೋ. ಇವತ್ತು ನಿನ್ನ ಬಾಳು!"

"ಅಷ್ಟೇ ತಾನೆ? ಬಿಡು, ಆಯ್ತು!"

ಜವರಯ್ಯ ಎಲೆ ಮುಂದೆ ಕೂತ್ರು. ಒಬ್ಬಟ್ಟು ಬಿತ್ತು, ತುಪ್ಪ ಬಿತ್ತು. ತಿಂದ್ರು. ಇನ್ನೊಂದು ಬಿತ್ತು. ತಿಂದ್ರು. ಮತ್ತೆ ಬಡಿಸೋಕೆ ಬಂದಳು. ಜವರಯ್ಯ ಎಲೆಗೆ ಎರಡು ಕೈ ಅಡ್ಡ ಹಿಡಿದು ಡರ್ರ್ ಅಂತ ತೇಗಿ ಅಂದ್ರು. "ಸಾಕು ತಾಯಿ, ಹೊಟ್ಟೆ ತುಂಬ್ತು!"

ಚೆಲುವ ಎದ್ದ. ಬಾಯಿ ಬಿಡಲಿಲ್ಲ. ಬಾಯಿ ಬಿಡಬೇಡ ಅಂದಿದ್ದಳಲ್ಲ! ಒನಕೆ ತೋಳು ಎರಡೂ ಕಂಕುಳಿಗೆ ಹಾಕಿ ಜವರಯ್ಯನ್ನ ಎತ್ತಿದ. ಅಚ್ಚುಕಟ್ಟಾಗಿ ಎತ್ತಿದ. ಎಂಜಲು ಕೈ ಮೇಲೆ, ಪಂಚೆ ಕೆಳಗೆ, ಮೀಸೆ ಅಡ್ಡಡ್ಡ. ಹೊಸಿಲು ದಾಟಿ, ಬೀದಿ ನಡುವೆ ಇಳಿಸಿದ.

"ಏಯ್! ಏಯ್! ಏನೋ ಇದು! ನಾನು ಹೆಣ್ಣಿನ ಸೋದರಮಾವ ಕಣೋ!"

ಹೆಣ್ಣಿನ ಮಾವ ಆದ್ರೇನು, ಗಂಡಿನ ಮಾವ ಆದ್ರೇನು? ಹೊಟ್ಟೆ ತುಂಬಿದ್ದು ಒಳಗಿರಬಾರದು. ಜವರಯ್ಯ ಪಂಚೆ ಕಟ್ಕೊಂಡು ಕೂಗಿದ್ರು. "ನಿಮ್ಮ ಮನೆಗೆ ನನ್ನ ಅಕ್ಕನ ಮಗಳೇ? ನಾಯಿಗೆ ಕೊಟ್ರೂ ನಿಮಗೆ ಕೊಡಲ್ಲ!" ತಾಂಬೂಲ ತಟ್ಟೇಲೇ ಉಳೀತು. ಅವರು ಹೋದದ್ದೇ ಹೋದದ್ದು.

ಪುಟ್ಟತಾಯಮ್ಮ ಸೌಟು ಹಿಡ್ಕೊಂಡೇ ಬಾಗಿಲಿಗೆ ಓಡಿದಳು. "ಚೆಲುವಾ! ಏನು ಮಾಡಿದೆಯೋ! ಬಂದ ಭಾಗ್ಯನ ಎತ್ತಿ ಬೀದಿಗೆ ಹಾಕಿದೆಯಲ್ಲೋ!"

ಅವಳ ಮಗ ಅಲ್ಲಿದ್ರೆ ತಾನೆ? ಖಾಲಿ ಹೊಟ್ಟೆಯೋರನ್ನ ತರೋಕೆ ಬೀದಿ ಕೊನೆಗೆ ಹೋಗಿದ್ದ. ಅಲ್ಲಿ ಈರಯ್ಯ ಅಂತ ಒಬ್ಬರು, ಚಾಕು ಕತ್ತರಿಗೆ ಸಾಣೆ ಹಿಡಿಯೋರು, ಸಾಣೆ ಗಾಲಿ ಭುಜದ ಮೇಲೆ ಹೊತ್ತು "ಸಾಣೇ, ಸಾಣೆ" ಅಂತ ಒಣಗಿದ ಗಂಟಲಲ್ಲಿ ಕೂಗ್ತಾ ಬರ್‍ತಿದ್ರು.

ಚೆಲುವ ಅವರ ಹೊಟ್ಟೆ ಮೇಲೆ ಕೈ ಇಟ್ಟು ನೋಡಿದ. ಒಳಗಂಟಿದೆ. ಖಾಲಿ! ಕೈ ಹಿಡಿದು ಎಳ್ಕೊಂಡು ಬಂದು, ಕಾಲಿಗೆ ನೀರು ಕೊಟ್ಟು, ಹೊಸ ಎಲೆ ಹಾಕಿ ಕೂರಿಸಿದ. "ಅಮ್ಮ, ಬಡಿಸು!"

ಬೈಯೋಣ ಅಂದ್ರೆ ಎಲೆ ಮುಂದೆ ಕೂತೋರ ಎದುರು ಹೇಗೆ ಬೈಯೋದು? ನಮ್ಮ ಕಡೆ ಅದು ಪಾಪ. ಪುಟ್ಟತಾಯಮ್ಮ ಕಣ್ಣೊರೆಸ್ಕೊಳ್ತಾ ಬಡಿಸಿದಳು. ಈರಯ್ಯ ತಿಂದ್ರು. ಬೆಳಿಗ್ಗೆಯಿಂದ ನೀರು ಬಿಟ್ರೆ ಏನೂ ಕಾಣದ ಹೊಟ್ಟೆ ಅದು. ಒಬ್ಬಟ್ಟು ಒಂದು ಬಿತ್ತು, ಹೋಯ್ತು. ಇನ್ನೊಂದು ಬಿತ್ತು, ಹೋಯ್ತು.

"ಯಾಕೆ ತಾಯಿ ಅಳ್ತಾ ಇದೀರಿ? ಹಬ್ಬದ ಅಡುಗೆ ಮಾಡಿ?"

ಅವಳು ಹೇಳಿದಳು. ಎಲ್ಲಾ ಹೇಳಿದಳು. ಹೆಣ್ಣಿನ ಕಡೆಯವರು ಬಂದದ್ದು, ಮಗ ಎತ್ತಿ ಹಾಕಿದ್ದು, ತನ್ನ ಕಾಲ ಆದ ಮೇಲೆ ಇವನಿಗೆ ಯಾರೂ ಇಲ್ಲ ಅನ್ನೋದು.

ಈರಯ್ಯ ತುತ್ತು ಕೈಲೇ ಹಿಡಿದು ಕೇಳಿದ್ರು. "ಅಲ್ಲಾ ತಾಯಿ, ನಾನು ಮೈಸೂರು ಬೀದಿ ಬೀದಿ ಸುತ್ತಿದೋನು. ಬಾಗಿಲಿಗೆ ಬಂದೋನಿಗೆ ಒಂದು ಲೋಟ ನೀರು ಕೊಡೋರು ಇದಾರೆ. ಬೀದೀಲಿ ಹೋಗೋನ ಹೊಟ್ಟೆ ಮುಟ್ಟಿ ನೋಡಿ, ಎಳ್ಕೊಂಡು ಬಂದು ಒಬ್ಬಟ್ಟು ಹಾಕೋನನ್ನ ಇವತ್ತೇ ಕಂಡಿದ್ದು. ಇವನನ್ನ ಪೆದ್ದ ಅಂದೋರು ಯಾರು? ನನಗೊಬ್ಬಳು ಮಗಳಿದಾಳೆ, ಸಣ್ಣಮ್ಮ ಅಂತ. ಸಾಣೆ ಹಿಡಿದ ಕತ್ತೀಗಿಂತ ಚುರುಕು. ನೀವು ಹೂಂ ಅಂದ್ರೆ ನಿಮ್ಮ ಮನೆಗೆ ಕೊಡ್ತೀನಿ!"

ಪುಟ್ಟತಾಯಮ್ಮ ತುಪ್ಪದ ಗಿಂಡಿ ಕೆಳಗಿಟ್ಟಳು. "ಹೂಂ! ಹೂಂ! ನೂರು ಸಲ ಹೂಂ ಅಣ್ಣ!"

"ಹಾಗಾದ್ರೆ ಮಾತಾಯ್ತು! ನನ್ನ ಮನಸ್ಸು ತುಂಬ್ತು ತಾಯಿ, ಹೊಟ್ಟೆ…"

ಅವಳಿಗೆ ಥಟ್ಟಂತ ಹೊಳೀತು. "ಅಯ್ಯಯ್ಯೋ ಅಣ್ಣ! ಆ ಮಾತು ಆಡಬೇಡಿ!" ಅಂತ ಓಡಿ ಬಂದು ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಅವರು ಬಾಯಿ ತೆಗೆದ್ರು, ಇನ್ನೊಂದು ಹಾಕಿದಳು. ಮತ್ತೆ ತೆಗೆದ್ರು, ಮತ್ತೊಂದು ಹಾಕಿದಳು. ಎಷ್ಟು ಅಂತ ಹಾಕ್ತಾಳೆ? ಒಬ್ಬಟ್ಟಿನ ತಟ್ಟೆ ಬರಿದಾಯ್ತು.

ಈರಯ್ಯ ಎಲೆ ಮಡಿಸಿ, ಎದೆ ಉಬ್ಬಿಸಿ, ಬೀದಿಗೆಲ್ಲ ಕೇಳೋ ಹಾಗೆ ಅಂದ್ರು. "ಹೊಟ್ಟೇನೂ ತುಂಬ್ತು!"

ಚೆಲುವ ಎದ್ದ. ಕಂಕುಳಿಗೆ ತೋಳು ಹಾಕಿದ. ಎತ್ತಿದ.

"ಚೆಲುವಾ! ಬೇಡ ಕಣೋ! ನಿನ್ನ ಮಾವ ಕಣೋ!" ಅಂತ ತಾಯಿ ಎದೆ ಬಡ್ಕೊಂಡಳು.

ಈರಯ್ಯ ಏನು ಮಾಡಿದ್ರು ಅಂತೀರಿ? ಮೇಲಿಂದ ಎರಡು ಕೈ ಎತ್ತಿ ಬೀದಿಯೋರಿಗೆಲ್ಲ ಕೂಗಿದ್ರು. "ನೋಡ್ರಪ್ಪೋ, ನೋಡಿ! ಮದುವೆಗೆ ಮುಂಚೇನೇ ನನ್ನ ಅಳಿಯ ನನ್ನ ಹೊತ್ತು ಮೆರೆಸ್ತಾ ಇದಾನೆ!"

ಚೆಲುವ ಅವರನ್ನ ಬೀದಿ ನಡುವೆ ಇಳಿಸಿ, ಕೈ ಝಾಡಿಸಿ, ಆ ಕಡೆ ನೋಡಿದ, ಈ ಕಡೆ ನೋಡಿದ.

"ಖಾಲಿ ಹೊಟ್ಟೆಯೋರು ಯಾರಿದೀರಿ? ಬನ್ನಿ!"

ಕರೆದ್ರೆ ಬರದೆ ಇರ್‍ತಾರಾ? ತರಕಾರಿ ಗಾಡಿಯೋನು ಗಾಡಿ ಬಿಟ್ಟ, ಹೂವಿನವಳು ಬುಟ್ಟಿ ಇಳಿಸಿದಳು, ಆಟೋದೋನು ಆಟೋ ಮೂಲೆಗೆ ಹಾಕಿದ. ಪುಟ್ಟತಾಯಮ್ಮ ಅತ್ತಳೋ ನಕ್ಕಳೋ ಅವಳಿಗೇ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಒಳಗೆ ಓಡಿದಳು, ಅನ್ನಕ್ಕೆ ಎಸರಿಡೋದಕ್ಕೆ.